ರಾಳ ತುಂಬಿದ ಫ್ಲೇಂಜ್

ರಾಳ ಕಾಯುವ ವಾಸನೆ ಮೂಗಿಗೆ ಬಡಿದರೆ, ಅರವತ್ತಮೂರನೆಯ ವಯಸ್ಸಿನಲ್ಲೂ ಗೌಸೋದ್ದೀನನಿಗೆ ತಾನು ಏಳು ವರ್ಷದವನಾದಂತೆ ಅನ್ನಿಸುತ್ತಿತ್ತು. ಬೀದರಿನ ಹಳೆಯ ಓಣಿಯ ತಗ್ಗು ಮನೆಯ ಪಡಸಾಲೆಯಲ್ಲಿ ಅವನ ಅಬ್ಬಾ ಖಾಜಾ ಮಿಯಾ ಬಿದರಿ ಹೂಜಿಗಳಿಗೆ ಎರಕ ಹೊಯ್ಯುತ್ತಿದ್ದರು. ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಅಚ್ಚು ಮಾಡಿ, ಕರಗಿದ ಸತುವನ್ನು ಅದರೊಳಗೆ ಸುರಿದಾಗ ಏಳುವ ಹೊಗೆ ಮನೆಯ ಪರದೆ, ಹಾಸಿಗೆ, ಅಮ್ಮಿಯ ಓಢಣಿಯನ್ನೆಲ್ಲ ಹಿಡಿದುಕೊಂಡು ಬಿಡುತ್ತಿತ್ತು. ಸಾಲೆಯಲ್ಲಿ ಪಕ್ಕದ ಹುಡುಗರು ಅವನ ಅಂಗಿ ಮೂಸಿ ನಗುತ್ತಿದ್ದರು.

ಎರಕದಲ್ಲಿ ಒಮ್ಮೊಮ್ಮೆ ಗಾಳಿ ಸಿಕ್ಕಿಕೊಂಡು ಸೂಜಿಮೊನೆಯಷ್ಟು ತೂತು ಉಳಿಯುತ್ತಿತ್ತು. ಅಂಥ ಹೂಜಿಯನ್ನು ಮತ್ತೆ ಕರಗಿಸಲು ಮನಸ್ಸಾಗದಿದ್ದರೆ ಖಾಜಾ ಮಿಯಾ ರಾಳ, ಮೇಣ, ಇಟ್ಟಿಗೆಪುಡಿ ಕೂಡಿಸಿ ಕಾಸಿ, ಕಡ್ಡಿಯ ತುದಿಯಿಂದ ಆ ತೂತಿಗೆ ತುಂಬಿ, ಮೇಲೆ ಉಜ್ಜಿ ಕಪ್ಪು ಮಾಡುತ್ತಿದ್ದರು. ಎಂಥ ಕಣ್ಣಿಗೂ ಅದು ಕಾಣುತ್ತಿರಲಿಲ್ಲ. ಆದರೆ ಗಿರಾಕಿ ಬಂದಾಗ ಅವನ ಬೆರಳು ಹಿಡಿದು ಆ ಜಾಗಕ್ಕೆ ಮುಟ್ಟಿಸಿ ಹೇಳುತ್ತಿದ್ದರು: “ಇಲ್ಲಿ ತೂತಿತ್ತು, ತುಂಬೀನಿ. ಹೂ ಇಡ್ರಿ, ನೀರು ಇಡಬ್ಯಾಡ್ರಿ.”

ಗೌಸೋದ್ದೀನ ಆ ಕೆಲಸ ಹಿಡಿಯಲಿಲ್ಲ. ಹದಿನಾಲ್ಕಕ್ಕೇ ಲಾರಿಗಳ ಕೆಳಗೆ ಮಲಗಲು ಕಲಿತ. ಗಾಂಧಿ ಗಂಜಿನ ಕಾಳಿನ ಮಾರುಕಟ್ಟೆಯ ಹಿಂದೆ, ತೊಗರಿ ಚೀಲಗಳ ಧೂಳು ಬಂದು ಕೂಡುವ ಒಂದು ತಗಡಿನ ಶೆಡ್ಡಿನಲ್ಲಿ ನಲವತ್ತು ವರ್ಷ ಅವನ ಪಾನಾ, ಜಾಕು ನಡೆದವು. ಈಗೀಗ ಅಲ್ಲಿ ಪ್ರತಿ ಭಾನುವಾರ ಒಂದೇ ಗಾಡಿಯ ಕೆಲಸ. ಅದು ಭಾಲ್ಕಿಯ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಮೆಹಕರದ ದತ್ತಾತ್ರಿ ಮಾಸ್ತರನದು.

ಹೈದರಾಬಾದಿನ ಹತ್ತಿರ ಕಾರ್ಖಾನೆಗೆ ಬಂದಿದ್ದ ಜಪಾನಿ ಎಂಜಿನಿಯರನೊಬ್ಬ ಬಿಟ್ಟುಹೋದ ಸ್ಟೇಷನ್ ವ್ಯಾಗನ್ ಅದು. ಉದ್ದನೆಯ ಬೆನ್ನು, ಬಾನೆಟ್ಟಿನ ಮೇಲೆ ಗಾಳಿ ಹೀರುವ ಮೂಗು. ಮೂರು ವರ್ಷ ಅಲ್ಲೇ ಯಾವುದೋ ಶೆಡ್ಡಿನಲ್ಲಿ ಇಲಿಗಳ ಮನೆಯಾಗಿದ್ದ ಅದನ್ನು ದತ್ತಾತ್ರಿ ಕೊಂಡು ತಂದಾಗ ಗಂಜಿನ ಹಮಾಲರು ಸುತ್ತ ನಿಂತು ನಗೆಯಾಡಿದ್ದರು.

“ಮಾಸ್ತರ, ಇದರಾಗ ಎಷ್ಟು ಕ್ವಿಂಟಲ್ ತೊಗರಿ ಹಿಡೀತದ್ರಿ?”

“ತೊಗರಿ ಅಲ್ಲಪಾ, ಹೆಣ ಒಯ್ಯೋ ಗಾಡಿ ಕಂಡಂಗ ಕಾಣ್ತದ.”

“ಮೊದಲ ನಿನ್ನನ್ನ ಒಯ್ತೀನಿ, ಕೂಡು ಬಾ,” ಎಂದು ದತ್ತಾತ್ರಿಯೂ ನಕ್ಕಿದ್ದ.

ಅದರಲ್ಲಿ ಟರ್ಬೊ ಇತ್ತು. ದತ್ತಾತ್ರಿ ತನ್ನ ವಿದ್ಯಾರ್ಥಿಗಳಿಗೆ ಹೇಳುವಂತೆ ಹಮಾಲರಿಗೂ ಬಿಡಿಸಿ ಹೇಳುತ್ತಿದ್ದ: ಎಂಜಿನ್ ಹೊರಗೆ ಬಿಡುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ, ಗಾಳಿ ಹೆಚ್ಚಾದಷ್ಟೂ ಓಟ ಹೆಚ್ಚು. ಆ ಓಟವನ್ನು ಇನ್ನಷ್ಟು ಹೆಚ್ಚಿಸುವುದೇ ಇಬ್ಬರ ಭಾನುವಾರದ ಹುಚ್ಚು. ಲಾರಿಯ ಗುಜರಿಯಿಂದ ದೊಡ್ಡ ಕೂಲರ್ ತಂದು ಮುಂದೆ ಕೂರಿಸಿದರು. ಮೂರು ಇಂಚಿನ ಹೊಗೆಪೈಪು ತಾವೇ ಬೆಸೆದರು. ಗಾಳಿಯ ಒತ್ತಡ ಏರಿಸಲು ಸ್ಟೇರಿಂಗಿನ ಕೆಳಗೆ ಒಂದು ಪುಟ್ಟ ಹಿತ್ತಾಳೆ ನಲ್ಲಿ ಇಟ್ಟರು. ಗೌಸೋದ್ದೀನ ಗಾಡಿಯ ಕೆಳಗೆ ಹೋಗುವ ಮೊದಲು ದತ್ತಾತ್ರಿ ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸುತ್ತಿದ್ದ. ಮುದುಕನ ಬೆನ್ನಿಗೆ ಎಂದು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಎರಡು ಸಾವಿರದ ಹದಿನಾರರ ಏಪ್ರಿಲ್ ಅದು. ಮಾಂಜ್ರಾ ನದಿಯಲ್ಲಿ ಮರಳು ಬಿಟ್ಟು ಏನೂ ಇರಲಿಲ್ಲ. ಗಂಜಿಗೆ ಕಾಳು ಬರುವುದು ನಿಂತು ಹಮಾಲರು ಒಬ್ಬೊಬ್ಬರಾಗಿ ಪುಣೆ, ಮುಂಬೈಗೆ ಹೊರಟಿದ್ದರು. ಆ ತಿಂಗಳಲ್ಲೇ ದತ್ತಾತ್ರಿ ಹೈದರಾಬಾದಿನ ಗುಜರಿಯಿಂದ ಇನ್ನೂ ದೊಡ್ಡ ಟರ್ಬೊ ತಂದ. ಅದನ್ನು ಕೂರಿಸಿದಾಗ ಒಂದು ತೊಡಕು ಬಂತು. ಟರ್ಬೊದಿಂದ ಕಾದ ಎಣ್ಣೆ ಕೆಳಗಿಳಿಯುವ ಪೈಪಿನ ತೂತುಗಳು ಹೊಸದಕ್ಕೆ ಹೊಂದಲಿಲ್ಲ. ಎರಡನ್ನೂ ಕೂಡಿಸಲು ನಡುವೆ ಅಂಗೈಯ ಅರ್ಧದಷ್ಟಿನ ಒಂದು ಚಪ್ಪಟೆ ಲೋಹದ ಬಿಲ್ಲೆ, ಫ್ಲೇಂಜ್, ಬೇಕಾಯಿತು. ಎರಡು ಬೋಲ್ಟು, ನಡುವೆ ಒಂದು ದಾರಿ, ಅಷ್ಟೇ.

“ಉಕ್ಕಿಂದೇ ಬೇಕ್ರಿ ಚಾಚಾ,” ಎಂದು ದತ್ತಾತ್ರಿ ಹೇಳಿ ಹೋಗಿದ್ದ. “ಪಕ್ಕದಾಗೇ ಹೊಗೆಪೈಪದ, ಕೆಂಡ ಆಗ್ತದ. ರಶೀದ ಭಾಯಿ ಕಡೆ ಲೇಥ್ ಮ್ಯಾಲ ಮಾಡಸ್ರಿ.”

ರಶೀದ ಅಹ್ಮದನ ಲೇಥ್ ಅಂಗಡಿಗೆ ಬೀಗ ಬಿದ್ದಿತ್ತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಅವನೂ ಪುಣೆಯ ಕಾರ್ಖಾನೆಗೆ ಹೋಗಿದ್ದ. ಬೇರೆ ಕಡೆ ಕೇಳಿದರೆ ಎಂಟು ದಿನ ಎಂದರು. ಭಾನುವಾರಕ್ಕೆ ಎರಡೇ ದಿನ. ಮಾಸ್ತರ ಮುಖ ಸಣ್ಣದು ಮಾಡಿಕೊಂಡು ಬಸ್ಸಿನಲ್ಲಿ ಭಾಲ್ಕಿಗೆ ಮರಳುವುದು ಗೌಸೋದ್ದೀನನ ಕಣ್ಣ ಮುಂದೆ ಬಂತು. ಮನೆಗೆ ಬಂದು ಅಟ್ಟ ಹತ್ತಿ ಅಬ್ಬಾ ಸತುವು ಕರಗಿಸುತ್ತಿದ್ದ ಮೂಸೆ ಇಳಿಸಿದ.

ಅವನ ಹೆಂಡತಿ ಅಕ್ತರಬೀ ಒಲೆಗೆ ಇದ್ದಿಲು ಹಾಕಿಕೊಟ್ಟಳು. ಸತುವು ಕರಗಿ ಬೆಳ್ಳಗೆ ನಡುಗುವುದನ್ನು ನೋಡುತ್ತ, “ಅಬ್ಬಾ ತಿರುಗಿ ಬಂದು ಕುಂತಂಗ ಅದ ನೋಡ್ರಿ,” ಎಂದಳು. ಎರಕ ಚೆನ್ನಾಗಿಯೇ ಬಂತು. ಅರದಿಂದ ಉಜ್ಜಿ, ಒಂದು ಕಡೆ ಮುಚ್ಚಿ, ಬಾಯಿಂದ ಊದಿದರೆ ಸಾಬೂನು ನೀರಿನಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿತು. ತೂತು. ಮತ್ತೆ ಕರಗಿಸಲು ಹೊತ್ತಿರಲಿಲ್ಲ. ಅವನ ಕೈ ತಾನೇ ಹೋಗಿ ರಾಳದ ಡಬ್ಬಿ ಹುಡುಕಿತು. ಹತ್ತು ದಿನದ ಮಾತು, ಆಮೇಲೆ ಉಕ್ಕಿನದು ಹಾಕಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡು ಮೇಲೆ ಕಪ್ಪು ಬಣ್ಣ ಬಳಿದ.

ಭಾನುವಾರ ಬೆಳಿಗ್ಗೆ ದತ್ತಾತ್ರಿ ಬಗ್ಗಿ ಟಾರ್ಚು ಹಿಡಿದು ನೋಡಿದ. “ಉಕ್ಕಿಂದೇನ್ರಿ ಚಾಚಾ?”

“ಹೂಂ,” ಎಂದ ಗೌಸೋದ್ದೀನ.

ಬೀದರಿನಿಂದ ಔರಾದಿನ ತನಕ ಗಾಡಿ ಓಡಿದ ವೇಗಕ್ಕೆ ಇಬ್ಬರೂ ಮಕ್ಕಳಂತೆ ಕೂಗಾಡಿದರು. ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಸಂತಪುರ ದಾಟುವಾಗ ಗೌಸೋದ್ದೀನನ ಮೂಗಿಗೆ ಸಣ್ಣಗೆ ಏನೋ ಬಂತು. ಕಿಟಕಿಯ ಬಿಸಿ ಗಾಳಿಯಲ್ಲಿ ಅದು ಬಂದಂತೆ ಹೋಯಿತು.

“ವಾಸನಿ ಬಂತೇನ್ರಿ?” ಎಂದ ದತ್ತಾತ್ರಿ.

“ಹೊಸ ಬಣ್ಣ. ಮೊದಲ ಸಲ ಸುಡ್ತದ.”

ಔರಾದಿನಲ್ಲಿ ದತ್ತಾತ್ರಿ ಚಹಾ ಹೇಳಲು ಹೋದಾಗ ಗೌಸೋದ್ದೀನ ಬಾನೆಟ್ ಎತ್ತಿದ. ಫ್ಲೇಂಜಿನ ಕೆಳಗೆ ಹೆಬ್ಬೆಟ್ಟಿನಷ್ಟು ಜಾಗ ಒದ್ದೆಯಾಗಿ ಹೊಳೆಯುತ್ತಿತ್ತು. ಜೇಬಿನ ಬಟ್ಟೆಯಿಂದ ಒರೆಸಿದ. ಒರೆಸಿ ನಿಂತು ನೋಡಿದ. ಮತ್ತೆ ಒದ್ದೆಯಾಗಲಿಲ್ಲ. ಎಂಜಿನ್ ನಿಂತಿತ್ತು, ಆಗುವುದಾದರೂ ಹೇಗೆ? ಅದು ಅವನಿಗೆ ಗೊತ್ತಿತ್ತು. ಬಾನೆಟ್ ಮುಚ್ಚಿ ಚಹಾ ಕುಡಿದ.

ಆ ಹೋಟೆಲಿನ ಮುಂದಿನ ಬೇವಿನ ನೆರಳಿನಲ್ಲಿ ಡಾಬಕಾದ ಒಂದು ಕುಟುಂಬ ಕೂತಿತ್ತು. ಪಂಢರಿ, ಅವನ ಹೆಂಡತಿ ಶೇವಂತಾಬಾಯಿ, ಮಡಿಲಲ್ಲಿ ನಾಲ್ಕು ವರ್ಷದ ಮಗಳು, ಪಂಢರಿಯ ತಾಯಿ ಕೇಶರಬಾಯಿ. ಎರಡು ಗಂಟು, ಒಂದು ನೀರಿನ ಕ್ಯಾನು, ಎರಡು ಸಲಿಕೆ, ಮೂರು ಕಬ್ಬಿಣದ ಪುಟ್ಟಿ. ಕಲ್ಯಾಣದಲ್ಲಿ ಕಟ್ಟಡದ ಕೆಲಸ ಸಿಕ್ಕಿತ್ತು. ಮಧ್ಯಾಹ್ನದ ರೈಲು ಭಾಲ್ಕಿಯಿಂದ. ಬರಬೇಕಾದ ಬಸ್ಸು ಬಂದಿರಲಿಲ್ಲ.

“ಭಾಲ್ಕಿಗೇನ್ರಿ? ನಾ ಅಲ್ಲಿಗೇ ಹೊಂಟೀನಿ,” ಎಂದ ದತ್ತಾತ್ರಿ. “ಕೂಡ್ರಿ. ರೈಲು ಬರೋಕಿಂತ ಮೊದಲೇ ಬಿಡ್ತೀನಿ.”

“ಬಾಡಿಗಿ ಏನ್ರಿ ಸಾಹೇಬ್ರ?” ಎಂದು ಪಂಢರಿ ಅನುಮಾನದಿಂದ ಕೇಳಿದ.

“ನಾ ಮಾಸ್ತರ ಇದ್ದೀನಪಾ. ಸಾಲಿಗಿ ಕೂಸಿನ ಹೆಸರು ಹಚ್ಚು, ಅದೇ ಬಾಡಿಗಿ.”

ಗೌಸೋದ್ದೀನನ ನಾಲಗೆಯ ತುದಿಗೆ ಮಾತು ಬಂದಿತ್ತು. ಇವರನ್ನು ಕೂಡಿಸಬ್ಯಾಡ್ರಿ ಎನ್ನಬೇಕು. ಎಂದರೆ ಯಾಕೆ ಎಂದು ಕೇಳುತ್ತಾನೆ. ಅಷ್ಟರಲ್ಲಿ ಕೇಶರಬಾಯಿ ಸೀಟು ಬೇಡವೆಂದು ಹಿಂದಿನ ಡಿಕ್ಕಿಯಲ್ಲಿ ಗಂಟುಗಳ ನಡುವೆ ಕಾಲು ಮಡಿಚಿ ಕೂತಿದ್ದಳು. “ನನಗ ಇಲ್ಲೇ ಪಸಂದದ. ಚಕ್ಕಡಿ ಕಂಡಂಗ ಅದ,” ಎಂದು ನಕ್ಕಳು. ಪಂಢರಿ ಬಾಗಿಲು ಮುಚ್ಚುವ ಮೊದಲು ತನ್ನ ಹೆಗಲ ಟವೆಲನ್ನು ಹಿಂದಿನ ಗಾಜಿಗೆ ಸಿಕ್ಕಿಸಿ ತಾಯಿಗೆ ಬಿಸಿಲು ಮರೆ ಮಾಡಿದ. ಗೌಸೋದ್ದೀನ ಸುಮ್ಮನೆ ಮುಂದಿನ ಸೀಟಿಗೆ ಹತ್ತಿದ.

ಊರು ದಾಟಿದ ಮೇಲೆ ದತ್ತಾತ್ರಿ ಹಿತ್ತಾಳೆ ನಲ್ಲಿಯನ್ನು ಅರ್ಧ ಸುತ್ತು ತಿರುಗಿಸಿದ. “ಮಂದಿ ಜಾಸ್ತಿ ಅದಾರ. ಸ್ವಲ್ಪ ಜೋರ್ ಬೇಕು. ನಡೀತದಲ್ರಿ ಚಾಚಾ?”

ಗೌಸೋದ್ದೀನ ತಲೆಯಾಡಿಸಿದ. ಒತ್ತಡದ ಮುಳ್ಳು ಮೇಲೆ ಹತ್ತಿತು. ಬಿಸಿಲಿಗೆ ಡಾಂಬರು ನೀರಿನಂತೆ ಹೊಳೆಯುತ್ತಿತ್ತು. ಕೂಸು ಹಾರುವ ವಿಮಾನವೆಂದೇ ತಿಳಿದು “ಇಮಾನ, ಇಮಾನ” ಎಂದು ಚಪ್ಪಾಳೆ ತಟ್ಟಿತು. ಶೇವಂತಾಬಾಯಿ ಮೊದಲು ಹೆದರಿ ಕಣ್ಣು ಮುಚ್ಚಿಕೊಂಡಿದ್ದವಳು ಆಮೇಲೆ ತಾನೂ ನಕ್ಕಳು.

ಮಾಂಜ್ರಾ ಸೇತುವೆ ಕಾಣುವ ಹೊತ್ತಿಗೆ ಆ ವಾಸನೆ ಬಂತು.

ಈ ಸಲ ಅದು ಬಂದು ಹೋಗಲಿಲ್ಲ. ಪಡಸಾಲೆಯ ವಾಸನೆ, ಅಮ್ಮಿಯ ಓಢಣಿಯ ವಾಸನೆ, ಕಾದು ಕರಗಿ ಹರಿಯುವ ರಾಳದ್ದು.  ಒಂದು ಗಳಿಗೆ ಗೌಸೋದ್ದೀನನ ತಲೆಯಲ್ಲಿ ಗಿರಾಕಿಯ ಬೆರಳು ಹಿಡಿದ ಅಬ್ಬಾನ ಕೈ ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಅವನು ಕೂಗಿದ ದನಿ ಅವನದೇ ಎಂದು ಅವನಿಗೆ ಅನ್ನಿಸಲಿಲ್ಲ.

“ನಿಂದರ್ಸು! ಗಾಡಿ ನಿಂದರ್ಸು! ಬಂದ್ ಮಾಡು!”

“ಏನಾತ್ರಿ?”

“ಬಂದ್ ಮಾಡೋ!”

ಎರಡು ವರ್ಷದಲ್ಲಿ ಅವನು ದತ್ತಾತ್ರಿಗೆ ಎಂದೂ ಏಕವಚನ ಆಡಿರಲಿಲ್ಲ. ಗಾಡಿ ಮಣ್ಣಿಗಿಳಿದು ನಿಂತಿತು. ನಿಂತದ್ದೇ ತಡ, ಬಾನೆಟ್ಟಿನ ಮೂಗಿನಿಂದ ಬೆಳ್ಳನೆ ಹೊಗೆ, ಅದರ ಹಿಂದೆಯೇ ಕರ್ರಗಿನ ಹೊಗೆ ಬಂತು. ಅಡಿಯಲ್ಲಿ ಏನೋ ಭುಗ್ಗೆಂದಿತು. ಪಂಢರಿ ಕೂಸನ್ನು ಎದೆಗವಚಿಕೊಂಡು ಹೊರಗೆ ಹಾರಿದ. ಶೇವಂತಾಬಾಯಿ ಹಿಂದೆಯೇ ಇಳಿಯಲು ಹೋಗಿ ಬಿದ್ದು ಎದ್ದಳು.

“ಯವ್ವಾ! ನಮ್ಮವ್ವ ಹಿಂದ ಅದಾಳ!” ಎಂದು ಪಂಢರಿ ಚೀರಿದ.

ಡಿಕ್ಕಿಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುವಂಥದ್ದು. ಗಾಜಿನ ಆಚೆ ಟವೆಲಿನ ನೆರಳಿನಲ್ಲಿ ಕೇಶರಬಾಯಿಯ ಅಂಗೈ ಕಂಡಿತು. ಅವಳು ಕಿರುಚುತ್ತಿರಲಿಲ್ಲ, ಬಾಗಿಲು ಬಡಿಯುವಂತೆ ಮೆಲ್ಲಗೆ ಗಾಜು ಬಡಿಯುತ್ತಿದ್ದಳು. ಗೌಸೋದ್ದೀನನ ಕೈಯಿಂದ ಎರಡು ಸಲ ಹಿಡಿಕೆ ಜಾರಿತು. ಮೂರನೆಯ ಸಲಕ್ಕೆ ಬಾಗಿಲು ಮೇಲೆದ್ದಿತು. ಅವಳ ಎರಡೂ ತೋಳು ಹಿಡಿದು ಎಳೆದಾಗ ಇಬ್ಬರೂ ಮಣ್ಣಿಗೆ ಬಿದ್ದರು. ಅವಳ ಕೈಬಳೆ ಒಡೆದು ಅವನ ಮಣಿಕಟ್ಟು ಕೊಯ್ದಿತು. ಅದು ಅವನಿಗೆ ತಿಳಿದದ್ದು ಬಹಳ ಹೊತ್ತಿನ ಮೇಲೆ.

ಶೇವಂತಾಬಾಯಿ ಡಿಕ್ಕಿಗೆ ಕೈಹಾಕಿ ನೀರಿನ ಕ್ಯಾನು ಎಳೆದು ತಂದಿದ್ದಳು. ರೈಲಿನ ದಾರಿಗೆಂದು ಟ್ಯಾಂಕರಿನ ಸರದಿಯಲ್ಲಿ ನಿಂತು ಹಿಡಿದ ನೀರು. ಮುಚ್ಚಳ ತೆಗೆದು ಬಾನೆಟ್ಟಿನತ್ತ ಓಡಿದಳು.

“ನೀರು ಬ್ಯಾಡವ್ವಾ! ಎಣ್ಣಿ ಬೆಂಕಿ, ಹಬ್ತದ! ಉಸುಕು, ಉಸುಕು ಹಾಕ್ರಿ!” ಎಂದು ಗೌಸೋದ್ದೀನ ಬಿದ್ದಲ್ಲಿಂದಲೇ ಕೂಗಿದ.

ಪಂಢರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಸಲಿಕೆಗಳು ಹೊರಬಂದವು. ರಸ್ತೆಯ ಪಕ್ಕದ ಇಳಿಜಾರಿನಲ್ಲೇ ಮಾಂಜ್ರಾದ ಒಣ ಮರಳು. ಪಂಢರಿ ಎಳೆದು ತುಂಬಿದ, ಶೇವಂತಾಬಾಯಿ ಪುಟ್ಟಿ ಹೊತ್ತಳು, ದತ್ತಾತ್ರಿ ಸುರಿದ. ಬಿದ್ದು ಎದ್ದ ಕೇಶರಬಾಯಿಯೂ ಸೆರಗು ಸಿಕ್ಕಿಸಿ ಒಂದು ಪುಟ್ಟಿ ಎತ್ತಿದಳು. ಅವರ ಕೈಗಳಿಗೆ ಅದು ದಿನದ ಕೆಲಸ. ಒಬ್ಬರ ಕೈಯಿಂದ ಒಬ್ಬರ ಕೈಗೆ ಪುಟ್ಟಿ ಹೋಗುವಾಗ ಒಂದು ಹಿಡಿ ಮರಳೂ ಚೆಲ್ಲಲಿಲ್ಲ. ಹತ್ತು ನಿಮಿಷಕ್ಕೆ ಗಾಡಿಯ ಮುಂದಿನ ಅರ್ಧ ಮರಳಿನಲ್ಲಿ ಹೂತಿತ್ತು. ಬೆಂಕಿ ಸತ್ತಿತ್ತು. ಕೂಸು ಮಾತ್ರ ದೂರದ ಕಲ್ಲಿನ ಮೇಲೆ ಕೂತು, ಅಳುವುದನ್ನೂ ಮರೆತು, ಬಾಯಿ ತೆರೆದು ನೋಡುತ್ತಿತ್ತು.

  ಗಾಜಿನ ಮೇಲೆ ಬಡಿಯುತ್ತಿದ್ದ ಆ ಅಂಗೈ ಗೌಸೋದ್ದೀನನ ಕಣ್ಣಿನಿಂದ ಸರಿಯಲೊಲ್ಲದು. ಅವನು ಸೇತುವೆಯ ಕಟ್ಟೆಯ ಮೇಲೆ ಕೂತ. ಪಂಢರಿ ಬಂದು ಅವನ ಎದುರು ಎರಡೂ ಕೈ ಜೋಡಿಸಿದ.

“ನೀವು ಇದ್ದೀರಿ ಅಂತ ಉಳದೀವಿ ಚಾಚಾ. ಹೊಗಿ ಬರೋಕಿಂತ ಮೊದಲ ನಿಮಗ ಹ್ಯಾಂಗ ತಿಳೀತ್ರಿ?”

ಗೌಸೋದ್ದೀನ ಮರಳಿನ ಗುಡ್ಡೆಯತ್ತ ನೋಡಿದ. 

ದತ್ತಾತ್ರಿ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮುಖಕ್ಕೆಲ್ಲ ಮಸಿ. ಎರಡೂ ಕೈಯಿಂದ ಹಣೆ ಬಡಿದುಕೊಂಡ. “ನಂದೇ ತಪ್ಪು. ನಲ್ಲಿ ತಿರುವಿದವ ನಾನು. ಕೂಸನ್ನ ಕೂಡಿಸಿಕೊಂಡು ಒತ್ತಡ ಏರಿಸಿದೆನಲ್ಲಾ. ದಿನಾ ಮಕ್ಕಳಿಗೆ ಪಾಠ ಹೇಳೋ ಮಾಸ್ತರ ನಾನು. ಸುಡ್ತಿದ್ದೆ, ಇಡೀ ಮನಿ ಮಂದಿನ್ನ ಸುಡ್ತಿದ್ದೆ.” “ಇನ್ನ ನಾ ಗಾಡಿ ಮುಟ್ಟಂಗಿಲ್ರಿ ಚಾಚಾ. ಪಾನಾ ಹಿಡೀಲಿಕ್ಕೂ ಲಾಯಕ್ಕಿಲ್ಲ ನಾನು.”

ಗೌಸೋದ್ದೀನ ಎದ್ದು ಮರಳಿನ ಗುಡ್ಡೆಯ ಬಳಿ ಹೋದ. ಬಟ್ಟೆ ಸುತ್ತಿದ ಕೈಯಿಂದ ಕೆದಕಿದ. ಟರ್ಬೊದ ಕೆಳಗೆ ಎರಡು ಬೋಲ್ಟು ಜೋತಾಡುತ್ತಿದ್ದವು. ನಡುವೆ ಫ್ಲೇಂಜ್ ಇರಲಿಲ್ಲ. ಕೆಳಗಿನ ಮರಳಿನಲ್ಲಿ ಬೆಳ್ಳಗಿನ ಒಂದು ಚಪ್ಪಟೆ ಹನಿ ಹೆಪ್ಪುಗಟ್ಟಿತ್ತು, ತಟ್ಟೆಗೆ ಬಿದ್ದ ಮೇಣದಂತೆ. ಅದನ್ನು ಕಾಲಿನಿಂದ ಒಂದು ಹಿಡಿ ಮರಳೊಳಗೆ ನೂಕಿದರೆ ಮುಗಿಯಿತು. ಮಾಸ್ತರ ಜನ್ಮಪೂರ್ತಿ ನಲ್ಲಿಯನ್ನು ಬೈದುಕೊಳ್ಳುತ್ತಾನೆ. ಡಾಬಕಾದಲ್ಲಿ ಈ ಮಂದಿ ಗೌಸ ಚಾಚಾನ ಹೆಸರು ಹೇಳುತ್ತಾರೆ. ಅವನು ಆ ಹನಿಯನ್ನು ಎತ್ತಿಕೊಂಡ. ಇನ್ನೂ ಬಿಸಿಯಿತ್ತು. ತಂದು ದತ್ತಾತ್ರಿಯ ಮುಂದೆ ಕೂತು, ಅವನ ತೋರುಬೆರಳು ಹಿಡಿದು ಅದರ ಮೇಲೆ ಇಟ್ಟ.

“ಇದು ಉಕ್ಕಲ್ಲ ಮಾಸ್ತರ್. ಸತುವು. ನಾನೇ ಮನ್ಯಾಗ ಎರಕ ಹೊಯ್ದೆ. ಇಲ್ಲಿ ತೂತಿತ್ತು, ರಾಳ ತುಂಬಿದ್ದೆ.”

ದತ್ತಾತ್ರಿ ಬೆರಳು ಕಿತ್ತುಕೊಳ್ಳಲಿಲ್ಲ. ತಿಳಿಯದವನಂತೆ ನೋಡುತ್ತಿದ್ದ.

“ಹೂಂ ಅಂದ್ರಲ್ಲ,” ಎಂದ ಕೊನೆಗೆ. “ನಾ ಕೇಳಿದೆ. ಹೂಂ ಅಂದ್ರಿ.”

“ಅಂದೆ.”

“ಹೋಗೋ ಮುಂದ ವಾಸನಿ ಬಂದಿತ್ತು. ಬಣ್ಣ ಅಂದ್ರಿ.”

“ಅದನ್ನೂ ಅಂದೆ. ಔರಾದಾಗ ಎಣ್ಣಿ ಸೋರಿದ್ದು ನೋಡಿ ಒರಸಿದೆ. ಇವರು ಕೂಡಾಕ ಮೊದಲು ನೋಡಿದ್ದೆ ಮಾಸ್ತರ್. ಹೇಳಲಿಲ್ಲ. ನಿಮ್ಮ ನಲ್ಲಿದೇನೂ ತಪ್ಪಿಲ್ಲ.”

ಹೇಳಿದ್ದು ಎಲ್ಲರಿಗೂ ಕೇಳಿತ್ತು. ಶೇವಂತಾಬಾಯಿ ಕೂಸನ್ನು ಕಲ್ಲಿನ ಮೇಲಿಂದ ಎತ್ತಿ ಹತ್ತು ಹೆಜ್ಜೆ ಆಚೆ ಹೋಗಿ ಬೆನ್ನು ತಿರುಗಿಸಿ ಕೂತಳು. ಜೋಡಿಸಿದ್ದ ಪಂಢರಿಯ ಕೈಗಳು ಎಲ್ಲಿಡಬೇಕೆಂದು ತಿಳಿಯದೆ ಸಲಿಕೆಯ ಹಿಡಿಕೆ ಹುಡುಕಿದವು. ದತ್ತಾತ್ರಿ ಎದ್ದ. ಗಾಡಿಯನ್ನು ನೋಡಿ, ಮುದುಕನನ್ನು ನೋಡಿ, ಸೇತುವೆಯ ಆ ತುದಿಯವರೆಗೆ ಒಬ್ಬನೇ ನಡೆದುಹೋದ. ಗೌಸೋದ್ದೀನ ಬಿಸಿಲಿನಲ್ಲೇ ಕೂತ. ಯಾರಾದರೂ ಎರಡು ಬಡಿದಿದ್ದರೆ ಬೇಕಾಗಿತ್ತು ಅನ್ನಿಸಿತು.

ಅರ್ಧ ಗಂಟೆಯ ಮೇಲೆ ಹಾಲಿನ ಟೆಂಪೊ ಒಂದು ನಿಂತಿತು. ಡ್ರೈವರು ಕ್ಯಾನುಗಳನ್ನು ಬದಿಗೆ ಸರಿಸಿ ಜಾಗ ಮಾಡಿ ಪಂಢರಿಯ ಮನೆಮಂದಿಯನ್ನು ಭಾಲ್ಕಿಗೆ ಒಯ್ಯುತ್ತೇನೆಂದ. ಇವತ್ತಿನ ರೈಲು ಸಿಗಲಾರದು. ಪಂಢರಿ ಫೋನಿನಲ್ಲಿ ಕೆಲಸಕ್ಕೆ ಕರೆದಿದ್ದ ಮುಕಾದಮನಿಗೆ ಹೇಳಿದ, “ನಾಳಿಗಿ ಬರ್ತೇವ್ರಿ. ದಾರ್ಯಾಗ ಗಾಡಿ ಕೆಟ್ಟದ.” ಸುಟ್ಟಿದೆ ಎನ್ನಲಿಲ್ಲ. ಯಾರು ಕೆಡಿಸಿದರು ಎಂದೂ ಹೇಳಲಿಲ್ಲ.

ದತ್ತಾತ್ರಿ ಮರಳಿ ಬಂದ. ಕಟ್ಟೆಯ ನೆರಳಿನ ಕಡೆ, ಗೌಸೋದ್ದೀನನಿಂದ ಎರಡು ಮಾರು ಬಿಟ್ಟು ಕೂತ. ಇಬ್ಬರೂ ಒಣ ನದಿಯನ್ನು ನೋಡುತ್ತಿದ್ದರು.

ಕೇಶರಬಾಯಿ ಗಂಟು ಬಿಚ್ಚಿದಳು. ಮೂರು ದಿನಕ್ಕಾಗುವಷ್ಟು ಜೋಳದ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ. ಮೊದಲು ಕೂಸಿಗೆ ಮುರಿದು ಕೊಟ್ಟಳು. ಆಮೇಲೆ ತನ್ನ ಒಡೆದ ಬಳೆಯನ್ನೂ ಮುದುಕನ ಮಣಿಕಟ್ಟಿನ ರಕ್ತವನ್ನೂ ನೋಡಿ, ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಕ್ಯಾನಿನಿಂದ ಅಂಗೈಯಷ್ಟು ನೀರು ತೆಗೆದು ಗಾಯ ತೊಳೆದು ಕಟ್ಟಿದಳು. ಆ ನೀರು ಮಣ್ಣಿಗೆ ಬಿದ್ದದ್ದನ್ನು ಗೌಸೋದ್ದೀನ ನೋಡಲಾರದೆ ಕಣ್ಣು ಮುಚ್ಚಿದ.

“ಮುಂಜಾನಿಂದ ಉಂಡಿಲ್ಲ ಕಾಣ್ತದ ಇಂವ,” ಎಂದು ಅವಳು ಯಾರಿಗೂ ಅಲ್ಲದಂತೆ ಹೇಳಿದಳು.

ನಾಲ್ಕು ರೊಟ್ಟಿ, ಮೇಲೆ ಹಿಂಡಿ, ಒಂದು ಉಳ್ಳಾಗಡ್ಡಿ ಇಟ್ಟು ಎಲ್ಲವನ್ನೂ ದತ್ತಾತ್ರಿಯ ಕೈಗೆ ಕೊಟ್ಟು ಟೆಂಪೊದ ಕಡೆ ನಡೆದಳು.

ದತ್ತಾತ್ರಿ ರೊಟ್ಟಿ ಹಿಡಿದು ಕೂತಿದ್ದ. ಟೆಂಪೊ ಹೋಯಿತು. ಧೂಳು ಇಳಿಯಿತು. ಅವನು ಎದ್ದು, ಗಾಡಿಯ ಹಿಂದಿನಿಂದ ಮಸಿ ಹತ್ತಿದ ಆ ಹಳೆಯ ಗೋಣಿಚೀಲವನ್ನು ಎಳೆದು ತಂದ. ಝಾಡಿಸಿ ನಾಲ್ಕು ಮಡಿಕೆ ಮಾಡಿ ನೆರಳಿನಲ್ಲಿ ಹಾಸಿದ. ಗೌಸೋದ್ದೀನ ಅದರ ಮೇಲೆ ಸರಿದು ಕೂತ ಮೇಲೆ, ಅವನ ಮುಖ ನೋಡದೆ, ಎರಡು ರೊಟ್ಟಿಯ ಮೇಲೆ ಹಿಂಡಿಯನ್ನು ಅರ್ಧಕ್ಕಿಂತ ಹೆಚ್ಚೇ ಸರಿಸಿ, ಅವನ ಕೈಗೆ ಕೊಟ್ಟ.